ಫರಸಿಗೆ ತಿಕ್ಕಿದ ಹುಣಸಿ ಬೀಜ

ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಮಕ್ಕಳನ್ನು ಯಾರೂ ಹೊರಗೆ ಬಿಡುತ್ತಿರಲಿಲ್ಲ. ಹಾಗಾಗಿ ನಮ್ಮ ಆಟವೆಲ್ಲ ಪಡಸಾಲೆಯ ಶಹಾಬಾದಿ ಫರಸಿಯ ಮೇಲೆ. ಬಳಪದಲ್ಲಿ ಗೀಚಿದ ಐದೈದು ಮನೆಯ ಚೌಕಾಬಾರಾ, ಕಾಯಿಗೆ ಒಡೆದ ಬಳೆಚೂರು, ಉರುಳಿಸಲು ನಾಲ್ಕು ಹುಣಸಿ ಬೀಜ. ಕವಡಿಗೆ ದುಡ್ಡು ಕೇಳಿದರೆ ಬೆನ್ನಿಗೆ ಬೀಳುತ್ತಿತ್ತು.

ಬೀಜ ತಯಾರಿಸುವುದೇ ಅರ್ಧ ಆಟ. ಪಡಸಾಲೆಯ ಫರಸಿ ತುಳಿದು ತುಳಿದು ನುಣುಪಾಗಿದ್ದರಿಂದ ಬಚ್ಚಲ ಬಳಿಯ ಒರಟು ಕಲ್ಲೇ ಬೇಕು. ಕಂದು ಸಿಪ್ಪೆ ಸವೆದು ಒಳಗಿನ ಬಿಳುಪು ಕಾಣುವ ತನಕ ಒಂದೇ ಮಗ್ಗುಲು ತಿಕ್ಕಬೇಕು. ಬೀಜ ಕಾದ ಕೂಡಲೇ ಪಕ್ಕದವನ ತೋಳಿಗೆ ಒತ್ತುವುದು ನಮ್ಮ ಕಿಡಿಗೇಡಿತನ. ಚುರ್ ಅನ್ನುತ್ತಿತ್ತು! ತಿಕ್ಕುವ ಶ್ರಮವೇ ಶಾಖವಾಗುತ್ತದೆ ಎಂದು ವಿಜ್ಞಾನಿ ರಮ್‌ಫರ್ಡ್ 1798ರಲ್ಲಿ ವಾದಿಸಿದ್ದು ಫಿರಂಗಿ ಕೊರೆಯುವಾಗ ಹುಟ್ಟಿದ ಬಿಸಿಯನ್ನು ಕಂಡು. ನಮಗೆ ಗೆಳೆಯನ ತೋಳೇ ಸಾಕಾಗಿತ್ತು. ತಿಕ್ಕಿದವನ ಬೆರಳು ಮಾತ್ರ ಸುಡುತ್ತಿರಲಿಲ್ಲ. ಬೀಜದಲ್ಲಿ ಶಾಖ ಬಲು ನಿಧಾನಕ್ಕೆ ಹರಿಯುತ್ತದೆ, ಬಿಸಿಯೆಲ್ಲ ಸವೆದ ಮುಖದಲ್ಲೇ ನಿಂತುಬಿಡುತ್ತದೆ.

ಆಮೇಲೆ ಉರುಳಿಸುವುದು. ಬಿಳಿ ಎಷ್ಟು ಬಿದ್ದವೋ ಅಷ್ಟು ಮನೆ. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಕಂದಾದರೆ ಬಾರ, ಅಂದರೆ ಎಂಟು ಮನೆ. ನಾಲ್ಕು ಬೀಜ ಬೀಳುವ ರೀತಿಗಳು ಒಟ್ಟು 16. ಅದರಲ್ಲಿ ಒಂದು ಬಿಳಿಗೆ 4, ಎರಡಕ್ಕೆ 6, ಮೂರಕ್ಕೆ 4, ಚೌಕಕ್ಕೆ 1, ಬಾರಕ್ಕೂ 1. ಬೀಜ ನಾಣ್ಯದ ಹಾಗೆ ನಿಷ್ಪಕ್ಷಪಾತಿ ಆಗಿದ್ದರೆ, ಚೌಕವೂ ಬಾರವೂ ತಲಾ ನೂರಕ್ಕೆ ಸುಮಾರು ಆರು ಸಲ ಬೀಳಬೇಕು.

ಆದರೆ ಬೀಜ ನಾಣ್ಯವಲ್ಲ. ತಿಕ್ಕಿದ ಮಗ್ಗುಲು ಚಪ್ಪಟೆ, ಬೆನ್ನು ಉಬ್ಬು. ಚಪ್ಪಟೆ ಮುಖ ನೆಲಕ್ಕೆ ಕೂತಾಗ ಗುರುತ್ವ ಕೇಂದ್ರ ತಗ್ಗಿನಲ್ಲಿರುತ್ತದೆ. ಉಬ್ಬಿನ ಮೇಲೆ ಕೂತರೆ ಹೊಯ್ದಾಡುತ್ತದೆ. ಹೀಗಾಗಿ ಕಂದು ಬೆನ್ನು ಮೇಲಾಗುವ ಒಲವು ಬೀಜಕ್ಕಿದೆ. ಎಷ್ಟು ಎತ್ತರದಿಂದ ಬಿಟ್ಟಿರಿ, ಕಲ್ಲಿನ ಮೇಲೆ ಎಷ್ಟು ಪುಟಿಯಿತು ಅನ್ನುವುದೂ ಇದರಲ್ಲಿ ಕೈಯಾಡಿಸುತ್ತದೆ. ಲೆಕ್ಕಕ್ಕೆ ಒಂದು ಬೀಜ ನೂರಕ್ಕೆ 60 ಸಲ ಕಂದು ಬೀಳುತ್ತದೆ ಎಂದಿಟ್ಟುಕೊಳ್ಳಿ. ಅಷ್ಟಕ್ಕೇ ಬಾರ ನೂರಕ್ಕೆ ಸುಮಾರು 13 ಸಲ, ಚೌಕ ಮೂರು ಸಲವೂ ಇಲ್ಲ! ಒಂದು ಬೀಜದ ಸಣ್ಣ ಓರೆ, ನಾಲ್ಕು ಸೇರಿದಾಗ ಗುಣಿಸಿಕೊಂಡು ಹೀಗೆ ದೊಡ್ಡದಾಗುತ್ತದೆ. ಬಾರ ಬಿದ್ದರೆ ಎಂಟು ಮನೆಯ ಜೊತೆಗೆ ಇನ್ನೊಂದು ಸರದಿ ಬೇರೆ ಪುಕ್ಕಟೆ.

ನಮ್ಮ ಆಯಿಯ ಬೀಜಗಳು ಜರ್ದಾ ಡಬ್ಬಿಯಲ್ಲಿರುತ್ತಿದ್ದವು. ಯಾರಾದರೂ ಹೊಸ ಬೀಜ ತಂದರೆ ಆಟಕ್ಕೆ ಕೂಡುವ ಮುಂಚೆ ಸೆರಗಿನಲ್ಲಿ ಒರೆಸಿ, ಹತ್ತಾರು ಸಲ ಸುಮ್ಮನೆ ಉರುಳಿಸಿ ನೋಡುತ್ತಿದ್ದಳು. ಮನಸ್ಸಿಗೆ ಬರದಿದ್ದರೆ ಒಂದೇ ಮಾತು: "ಇವು ಭಾಳ ಬಾರ ಬೀಳ್ತಾವ. ಇನ್ನೊಂದಿಷ್ಟು ತಿಕ್ಕಿ ತೆಳ್ಳಗ ಮಾಡ್ಕೊಂಡ್ ಬಾ, ಹೋಗು."