ರೋಸಿಯೋಲಾ: ಜ್ವರ ಮೊದ್ಲು, ಜ್ವರ ಬಿಟ್ಮೇಲೆ ದದ್ದು

ರೋಸಿಯೋಲಾ ಅಂದ್ರೆ ಪುಟ್ಟ ಮಕ್ಕಳಿಗೆ ವೈರಸ್‌ನಿಂದ ಬರೋ ಜ್ವರದ ಕಾಯಿಲೆ. ಇದನ್ನ ಓದುವಾಗ ಎಲ್ರೂ ಮೊದ್ಲು ರ‍್ಯಾಶ್ ಹೇಗಿರತ್ತೆ ಅಂತ ಬಾಯಿಪಾಠ ಮಾಡ್ತಾರೆ, ಗುಲಾಬಿ ಬಣ್ಣ, 2ರಿಂದ 5 ಮಿಲಿಮೀಟರ್, ಒತ್ತಿದ್ರೆ ಮಾಯ ಆಗತ್ತೆ ಅಂತ. ತಪ್ಪೇನಿಲ್ಲ, ಆದ್ರೆ ಅದಕ್ಕಿಂತ ಮುಖ್ಯವಾಗಿ ನೆನಪಿಟ್ಕೋಬೇಕಾದ್ದು ಅದು ಬರೋ ಟೈಮು. 3ರಿಂದ 5 ದಿನ ಜೋರು ಜ್ವರ, 39.5 ಡಿಗ್ರಿ ಸೆಲ್ಸಿಯಸ್ ದಾಟತ್ತೆ, ಕೆಲವು ಮಕ್ಕಳಿಗೆ 40ರ ಮೇಲೂ ಹೋಗತ್ತೆ, ಆಮೇಲೆ ಇದ್ದಕ್ಕಿದ್ದಂಗೆ ಬಿಟ್ಹೋಗತ್ತೆ. ಅಬ್ಬಾ ಮುಗೀತು ಅಂತ ಮನೆಯವ್ರು ಉಸಿರು ಬಿಡೋ ಹೊತ್ತಿಗೆ, ಒಂದು ದಿನದೊಳಗೆ ಎದೆ, ಹೊಟ್ಟೆ, ಬೆನ್ನ ಮೇಲೆ ದದ್ದು ಏಳತ್ತೆ. ಈ ಕ್ರಮ ಗೊತ್ತಿದ್ರೆ ಡಯಾಗ್ನೋಸಿಸ್ ಮುಕ್ಕಾಲು ಭಾಗ ಆದಂಗೆ, ಸಾಮಾನ್ಯವಾಗಿ ಬ್ಲಡ್ ಟೆಸ್ಟೂ ಬೇಕಾಗಲ್ಲ.

ಕಾರಣ ಹ್ಯೂಮನ್ ಹರ್ಪಿಸ್ ವೈರಸ್ 6, ಅದ್ರಲ್ಲೂ ಬಿ ಟೈಪು. ಸ್ವಲ್ಪ ಮಕ್ಕಳಲ್ಲಿ 7ನೇ ವೈರಸ್. ಈ ಕಾಯಿಲೆಗೂ 6ನೇ ವೈರಸ್‌ಗೂ ಇರೋ ಸಂಬಂಧ ಜಪಾನ್‌ನಲ್ಲಿ ಪತ್ತೆಯಾಗಿದ್ದು 1988ರಲ್ಲಿ. ಬರೋದು ಹೆಚ್ಚಾಗಿ 6 ತಿಂಗಳಿಂದ 2 ವರ್ಷದ ಮಕ್ಕಳಿಗೆ, ಯಾಕಂದ್ರೆ ಹುಟ್ಟುವಾಗ ತಾಯಿಯಿಂದ ಬಂದ ಆಂಟಿಬಾಡಿ ಆ ಹೊತ್ತಿಗೆ ಕಮ್ಮಿ ಆಗಿರತ್ತೆ. ಹರಡೋದು ಜೊಲ್ಲಿಂದ. ದೊಡ್ಡವರ ಮೈಯಲ್ಲಿ ಈ ವೈರಸ್ ಸುಮ್ಮನೆ ಮಲಗಿರತ್ತೆ, ಆಗಾಗ ಜೊಲ್ಲಲ್ಲಿ ಬರ್ತಾನೂ ಇರತ್ತೆ, ಹಾಗಾಗಿ ಮಗುಗೆ ಎಲ್ಲಿಂದ ಬಂತು ಅಂತ ಹುಡುಕ್ತಾ ಹೋಗಿ ಮನೆಯವ್ರು ಯಾರನ್ನಾದ್ರೂ ದೂರೋದಕ್ಕೆ ಅರ್ಥ ಇಲ್ಲ.

ಕಷ್ಟ ಇರೋದು ಜ್ವರದ ದಿನಗಳಲ್ಲಿ. ಆಗ ಇದು ರೋಸಿಯೋಲಾನೇ ಅಂತ ಯಾರೂ ಗ್ಯಾರಂಟಿಯಾಗಿ ಹೇಳಕ್ಕಾಗಲ್ಲ. ಅಷ್ಟು ಜ್ವರ ಇದ್ರೂ ಎಷ್ಟೋ ಮಕ್ಕಳು ಜ್ವರ ಸ್ವಲ್ಪ ಇಳಿದ ಕೂಡ್ಲೆ ಎದ್ದು ಆಟ ಆಡ್ತಾರೆ, ಇನ್ನು ಕೆಲವ್ರಿಗೆ ಕಿರಿಕಿರಿ, ಸ್ವಲ್ಪ ಭೇದಿ, ಕಣ್ಣಿನ ರೆಪ್ಪೆ ಊದಿರೋದು, ಕಿವಿ ಹಿಂದೆ ಸಣ್ಣ ಗಂಟು. ಬಾಯಿ ತೆಗೆಸಿ ಟಾರ್ಚ್ ಹಾಕಿ ನೋಡಿದ್ರೆ ಕೆಲವ್ರಲ್ಲಿ ಕಿರುನಾಲಿಗೆ ಸುತ್ತ ಸಣ್ಣ ಕೆಂಪು ಚುಕ್ಕೆ ಸಿಗತ್ತೆ, ಅವಕ್ಕೆ ನಾಗಯಾಮ ಸ್ಪಾಟ್ಸ್ ಅಂತಾರೆ. ಆದ್ರೂ ಕಾರಣ ಗೊತ್ತಾಗದ ಜ್ವರ ಅಂದ್ರೆ ಯೂರಿನ್ ಇನ್ಫೆಕ್ಷನ್ ನೆನಪಾಗ್ಲೇಬೇಕು, ಪುಟ್ಟ ಮಕ್ಕಳಲ್ಲಿ ಅದಕ್ಕೂ ಜ್ವರ ಬಿಟ್ಟು ಬೇರೆ ಲಕ್ಷಣ ಇಲ್ದೇ ಇರಬಹುದು. 3 ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಬಂದ್ರೆ ರೋಸಿಯೋಲಾ ಯೋಚನೆ ಪಕ್ಕಕ್ಕಿಟ್ಟು ತಕ್ಷಣ ಡಾಕ್ಟರ್ ಹತ್ರ.

ರ‍್ಯಾಶ್ ಚಪ್ಪಟೆಯಾಗಿ ಅಥವಾ ಸ್ವಲ್ಪ ಉಬ್ಬಿರತ್ತೆ, ತುರಿಕೆ ಇರಲ್ಲ, ಮೈಯಿಂದ ಕತ್ತು, ಮುಖ, ಕೈಕಾಲಿಗೆ ಹೋಗತ್ತೆ, ಕೆಲವು ಗಂಟೆಯಿಂದ 2 ದಿನದೊಳಗೆ ಕಲೆ ಉಳಿಸದೆ ಹೋಗತ್ತೆ. ಕಪ್ಪು ಚರ್ಮದಲ್ಲಿ ಗುಲಾಬಿ ಬಣ್ಣ ಕಾಣದೇ ಇರಬಹುದು, ಒಳ್ಳೆ ಬೆಳಕಲ್ಲಿ ನೋಡಿ. ಪಾರದರ್ಶಕ ಗ್ಲಾಸಿನ ಬದಿಯನ್ನ ದದ್ದಿನ ಮೇಲೆ ಗಟ್ಟಿಯಾಗಿ ಒತ್ತಿ, ಗ್ಲಾಸಿನ ಮೂಲಕಾನೇ ನೋಡಿ: ರೋಸಿಯೋಲಾ ಆದ್ರೆ ಬಣ್ಣ ಮಾಸತ್ತೆ. ಮಾಸದೇ ನೇರಳೆ ಚುಕ್ಕೆ ಹಾಗೇ ಉಳಿದ್ರೆ ಅದು ಎಮರ್ಜೆನ್ಸಿ, ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ತರೋ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿರಬಹುದು. ದಡಾರದಲ್ಲಿ ಕ್ರಮಾನೇ ಬೇರೆ, ಕೆಮ್ಮು ನೆಗಡಿ ಕೆಂಗಣ್ಣು ಮೊದ್ಲೇ ಇರತ್ತೆ, ದದ್ದು ಮುಖದಿಂದ ಶುರುವಾಗಿ ಕೆಳಗಿಳಿಯತ್ತೆ, ಅದು ಏಳುವಾಗ ಜ್ವರಾನೂ ಏರಿರತ್ತೆ.

ಆರೈಕೆ ಅಂದ್ರೆ ಮಗು ಆರಾಮಾಗಿರೋದು, ನೀರಿನಂಶ ಕಮ್ಮಿ ಆಗದೇ ಇರೋದು, ಅಷ್ಟೇ. ಎದೆಹಾಲು ಪದೇ ಪದೇ ಕೊಡಿ, ತೆಳ್ಳಗಿನ ಬಟ್ಟೆ ಹಾಕಿ, ಕಂಬಳಿ ಸುತ್ತಬೇಡಿ, ತಣ್ಣೀರಲ್ಲಿ ಒರೆಸ್ಬೇಡಿ, ನಡುಕ ಬಂದು ಮಗು ಇನ್ನೂ ಸುಸ್ತಾಗತ್ತೆ. ಮಗು ಸಂಕಟ ಪಡ್ತಿದ್ರೆ ಪ್ಯಾರಾಸಿಟಮಾಲ್, ತೂಕದ ಕೆಜಿಗೆ 10ರಿಂದ 15 ಮಿಲಿಗ್ರಾಂ, 4ರಿಂದ 6 ಗಂಟೆ ಬಿಟ್ಟು, ದಿನಕ್ಕೆ 4 ಡೋಸ್ ಮೀರದಂತೆ. ಸಿರಪ್‌ಗಳ ಸ್ಟ್ರೆಂತ್ ಬೇರೆಬೇರೆ ಇರತ್ತೆ, ಹಾಗಾಗಿ ‘ಒಂದು ಚಮಚ’ ಅಂತ ಯಾವತ್ತೂ ಹೇಳ್ಬೇಡಿ, ಬಾಟಲಿ ನೋಡಿ ಎಷ್ಟು ಎಂಎಲ್ ಅಂತ ಲೆಕ್ಕ ಹಾಕಿ ಹೇಳಿ. ಆಸ್ಪಿರಿನ್ ಬೇಡವೇ ಬೇಡ, ಮಿದುಳು, ಲಿವರ್‌ಗೆ ಹೊಡೆತ ಕೊಡೋ ರೇ ಸಿಂಡ್ರೋಮ್ ಭಯ. ಡಯಪರ್ ಒದ್ದೆ ಆಗೋದು ಕಮ್ಮಿ ಆದ್ರೆ, ಎಬ್ಬಿಸಿದ್ರೂ ಏಳದಿದ್ರೆ, ನೆತ್ತಿ ಉಬ್ಬಿದ್ರೆ, ಉಸಿರಾಟಕ್ಕೆ ಕಷ್ಟಪಟ್ರೆ ಕಾಯಬಾರದು.

ಫಿಟ್ಸ್ ವಿಷ್ಯ ಮನೆಯವ್ರಿಗೆ ಮೊದ್ಲೇ ಹೇಳ್ಕೊಟ್ಟಿರಿ, ರೋಸಿಯೋಲಾ ಬಂದ ಮಕ್ಕಳಲ್ಲಿ 100ಕ್ಕೆ 10ರಿಂದ 15 ಜನಕ್ಕೆ ಜ್ವರದ ಫಿಟ್ಸ್ ಬರಬಹುದು. ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ತುರುಕಬಾರದು, ಗಡಿಯಾರ ನೋಡಬೇಕು, 5 ನಿಮಿಷ ದಾಟಿದ್ರೆ ಆಂಬುಲೆನ್ಸ್. ಬೇಗ ನಿಂತ್ರೂ, ಮೊದಲ ಸಲ ಬಂದಿದ್ರೆ ಅದೇ ದಿನ ತೋರಿಸ್ಬೇಕು.

ನಂಗೆ ತುಂಬಾ ಮುಖ್ಯ ಅನ್ಸೋದು ಇನ್ನೊಂದಿದೆ. ಜ್ವರ ಅಂತ ಎರಡನೇ ದಿನ ಪೆನಿಸಿಲಿನ್ ಗುಂಪಿನ ಆಂಟಿಬಯಾಟಿಕ್ ಅಮಾಕ್ಸಿಸಿಲಿನ್ ಶುರು ಮಾಡಿರ್ತಾರೆ, ವೈರಸ್‌ಗೆ ಅದು ಏನೂ ಮಾಡಲ್ಲ, ನಾಲ್ಕನೇ ದಿನ ಜ್ವರ ತಾನಾಗೇ ಬಿಟ್ಟು ದದ್ದು ಏಳತ್ತೆ, ಅದು ಔಷಧಿಯಿಂದಾನೇ ಬಂತು ಅಂದ್ಕೊಂಡು ಫೈಲ್ ಮೇಲೆ ‘ಪೆನಿಸಿಲಿನ್ ಅಲರ್ಜಿ’ ಅಂತ ಬೀಳತ್ತೆ. ಆ ಮಗುಗೆ ಮುಂದೆ ನಿಜವಾಗ್ಲೂ ಆ ಔಷಧಿ ಬೇಕಾದಾಗ ಸಿಗಲ್ಲ. ಅದಕ್ಕೇ ಕೇಸ್ ಶೀಟಲ್ಲಿ ಜ್ವರ ಶುರುವಾದ ದಿನ, ಮೊದಲ ಡೋಸ್ ಕೊಟ್ಟ ದಿನ, ಜ್ವರ ಬಿಟ್ಟ ಹೊತ್ತು, ದದ್ದು ಕಂಡ ಹೊತ್ತು, ತುರಿಕೆ ಇತ್ತಾ ಇಲ್ವಾ, ಇಷ್ಟನ್ನೂ ಬರೀರಿ.