ಟವೆಲ್ ಎಣಿಸೋದು ಗೆಸ್ಟ್ ಹೋದ್ಮೇಲಲ್ಲ ಸ್ವಾಮಿ

ಸಕಲೇಶಪುರ, ಮೂಡಿಗೆರೆ ಕಡೆ ಐದು ಹೋಮ್‌ಸ್ಟೇ ನೋಡ್ಕೋತೀನಿ, ಓನರ್‌ಗಳೆಲ್ಲ ಬೆಂಗಳೂರಲ್ಲಿ. ಸೋಮವಾರ ಬೆಳಗ್ಗೆ ಫೋನ್ ಬಂತು ಅಂದ್ರೆ ವೀಕೆಂಡಿಗೆ ಬಂದೋರು ಏನೋ ಎತ್ಕೊಂಡು ಹೋಗಿದಾರೆ ಅಂತಲೇ ಅರ್ಥ. "ಶಾಂಪೂ ಬಾಟ್ಲಿನೇ ಇಲ್ಲ ಕಣ್ರೀ, ಎಂಥಾ ಜನ!"

ಜನ ಎಂಥೋರು ಅನ್ನೋದು ಆಮೇಲೆ ನೋಡೋಣ. ಇಬ್ರು ಒಂದು ರಾತ್ರಿ ಉಳಿಯೋ ರೂಮಿಗೆ ಅಷ್ಟು ದೊಡ್ಡ ಬಾಟ್ಲಿ ಇಟ್ಟೋರು ಯಾರು?

ಎಷ್ಟು ಸಲ ಹೇಳಿದ್ರೂ ತಲೆಗೆ ಹೋಗದ ವಿಷಯ ಇದೇ: ಕೊಟ್ಟಿದ್ದು ಬೇರೆ, ಇಟ್ಟಿದ್ದು ಬೇರೆ. ಸೋಪು, ಶಾಂಪೂ ಸ್ಯಾಶೆ, ಟೀ ಬ್ಯಾಗು ಇವೆಲ್ಲ ಕೊಟ್ಟಿದ್ದು, ಮಿಕ್ಕಿದ್ದನ್ನ ಬ್ಯಾಗಿಗೆ ಹಾಕ್ಕೊಂಡ್ರೆ ಕಳ್ತನ ಅಲ್ಲ, ರೂಮ್ ರೇಟಲ್ಲೇ ಬಂತು ಅದು. ಟವೆಲ್ಲು, ಛತ್ರಿ, ಟಾರ್ಚು ಇಟ್ಟಿದ್ದು. ನಿಮಗೆ ಗೊತ್ತು ಸರಿ, ಗೆಸ್ಟಿಗೆ ಹೆಂಗೆ ಗೊತ್ತಾಗ್ಬೇಕು? ಒಬ್ಬ ಓನರ್ ಅರ್ಧ ಕೆಜಿ ಕಾಫಿಪುಡಿ ಪ್ಯಾಕೆಟ್ ಮೇಲೆ 'ನಮ್ಮ ತೋಟದಿಂದ ನಿಮಗೆ, ಪ್ರೀತಿಯಿಂದ' ಅಂತ ಸ್ಟಿಕ್ಕರ್ ಅಂಟಿಸಿ ಫಿಲ್ಟರ್ ಪಕ್ಕ ಇಟ್ಟಿದ್ರು, ತಿಂಗಳಲ್ಲಿ ಮೂರು ಪ್ಯಾಕೆಟ್ ಹೋಯ್ತು ಅಂತ ನನ್ನ ಮೇಲೆ ರೇಗಾಡಿದ್ರು. ಪ್ರೀತಿಯಿಂದ ಅಂತ ಬರೆದ್ರೆ ನಾನಾದ್ರೂ ತಗೊಂಡೇ ಹೋಗ್ತಿದ್ದೆ. ಈಗ ಎರಡು ದಿನಕ್ಕೆ ಆಗೋಷ್ಟು ಪುಡಿ ಡಬ್ಬಿಗೆ ಹಾಕಿ, ಪ್ಯಾಕೆಟ್ ಮೇಲೆ ರೇಟ್ ಬರೆದು ನಡುಮನೇಲಿ ಇಟ್ಟಿದೀವಿ. ಕೆಲವರು ದುಡ್ಡು ಕೊಟ್ಟೇ ಒಯ್ತಾರೆ.

ಇನ್ನು ಪೊಲೀಸ್ ಕಂಪ್ಲೇಂಟ್ ಅಂತ ಹಾರಾಡೋರು. ನಾನು ಲಾಯರ್ ಅಲ್ಲ, ನಿಮ್ಮ ಲಾಯರ್ ಹತ್ರ ಕೇಳ್ಕೊಳ್ಳಿ, ಆದ್ರೆ 2024ರ ಜುಲೈ 1ಕ್ಕೆ ಹೊಸ ಕಾನೂನು ಬಂದ್ಮೇಲೆ 5,000 ರೂಪಾಯಿಗಿಂತ ಕಮ್ಮಿ ಬೆಲೆಯ ಸಾದಾ ಕಳ್ತನಕ್ಕೆ ಮ್ಯಾಜಿಸ್ಟ್ರೇಟ್ ಆರ್ಡರ್ ಇಲ್ದೆ ಪೊಲೀಸ್ನೋರು ತನಿಖೆ ಮಾಡೋ ಹಂಗಿಲ್ಲ. ಮೊದಲ ಸಲದ ತಪ್ಪಾಗಿ, ಮಾಲು ವಾಪಸ್ ಕೊಟ್ರೆ ಶಿಕ್ಷೆ ಸಮುದಾಯ ಸೇವೆ. ಒಂದು ಟವೆಲ್ಲಿಗೆ ಕೋರ್ಟಿಗೆ ಓಡಾಡ್ತೀರಾ? ಏರ್‌ಬಿಎನ್‌ಬಿ ಆ್ಯಪಲ್ಲಿ ಆದ ಬುಕಿಂಗ್ ಆದ್ರೆ ಚೆಕ್‌ಔಟ್ ಆಗಿ 14 ದಿನದೊಳಗೆ ನಷ್ಟ ಕೊಡಿ ಅಂತ ಅವರಿಗೆ ಕ್ಲೇಮ್ ಹಾಕ್ಬಹುದು, ಅದಕ್ಕೂ ಫೋಟೋ, ಬಿಲ್ಲು ಬೇಕು, ನಮ್ಮೋರ ಹತ್ರ ಎರಡೂ ಇರಲ್ಲ.

ಅದಕ್ಕೇ ಹೇಳೋದು, ಕಾರು ಗೇಟ್ ದಾಟೋಕೆ ಮುಂಚೆ ಎಣಿಸಿ. ನಮ್ಮ ಕೆಲಸದ ಅಕ್ಕ "ಏನಾದ್ರೂ ಮರ್ತಿದೀರಾ ನೋಡ್ತೀನಿ ಇರಿ" ಅಂತ ಒಳಗೆ ಹೋಗ್ತಾರೆ, ಚಾರ್ಜರೂ ಸಿಗುತ್ತೆ, ಟವೆಲ್ ಲೆಕ್ಕನೂ ಆಗುತ್ತೆ. "ಒಂದು ಟವೆಲ್ ಕಾಣ್ತಿಲ್ವಲ್ಲ" ಅಂದ್ರೆ ಎಷ್ಟೋ ಸಲ ಮಕ್ಕಳ ಒದ್ದೆ ಬಟ್ಟೆ ಕವರಿಂದ ಹೊರಗೆ ಬರುತ್ತೆ. ಬೇಕು ಅಂತಲೇ ಹೊಡ್ಕೊಂಡು ಹೋಗೋರು ಇಲ್ವಾ, ಇದಾರೆ, ಆದ್ರೆ ನೀವು ಅಂದ್ಕೊಂಡಷ್ಟು ಇಲ್ಲ.

ಹೋದ ಮಳೆಗಾಲ ಒಬ್ರು ಓನರ್ ನನ್ನನ್ನ ಒಂದು ಮಾತೂ ಕೇಳ್ದೆ ಗೆಸ್ಟಿಗೆ "ಟವೆಲ್ ಕದ್ದಿದೀರಾ" ಅಂತ ಮೆಸೇಜ್ ಹಾಕಿಬಿಟ್ರು. ಮಾರನೇ ದಿನ ಅಕ್ಕ ಬಚ್ಚಲ ಒಲೆ ಹಚ್ಚೋಕೆ ಹೋದ್ರೆ ಟವೆಲ್ ಅಲ್ಲೇ, ಹಂಡೆ ಮೇಲಿನ ಹಗ್ಗದ ಮೇಲೆ ಕೂತಿದೆ, ಒಂದು ಕಡೆ ಮಸಿ ಹಿಡಿದು. ಸಾರಿ ಕೇಳೋಕೆ ಯಾರು ಫೋನ್ ಮಾಡ್ಬೇಕು, ನಾನೇ. ಬೈತಾರೆ ಅಂದ್ಕೊಂಡ್ರೆ ಆ ಮೇಡಂ, "ಮಳೇಲಿ ಒಣಗ್ತಿರ್ಲಿಲ್ಲ ಅಂತ ಅಲ್ಲಿ ಹಾಕಿದ್ದೆ ಸರ್, ಹೊಗೆ ವಾಸನೆ ಬಂದಿದೆಯಾ?" ಅಂದ್ರು.