ಪರ್ಸಿಸ್ಟೆಂಟ್ ಟನಲ್: ಕಡಿದರೂ ತಾನೇ ಎದ್ದು ನಿಲ್ಲುವ ದಾರಿ

ದೂರದ ಕಂಪ್ಯೂಟರ್‌ನಲ್ಲಿ ಕಮಾಂಡ್ ಓಡಿಸೋಕೆ ಎಲ್ಲರೂ ಹಿಡಿಯುವುದು ಎಸ್‌ಎಸ್‌ಎಚ್. ಫಿನ್ಲೆಂಡಿನ ಟಾಟು ಯುಲೋನೆನ್ ಇದನ್ನು 1995ರಲ್ಲಿ ಬರೆದರು. ಅವರ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದಿದ್ದೇ ಅದಕ್ಕೆ ಕಾರಣ.

ಆದರೆ ಆ ಕಂಪ್ಯೂಟರ್ ರೂಟರ್‌ನ ಹಿಂದೆ ಇದ್ದರೆ? ಹೊರಗಿನಿಂದ ಅದನ್ನು ಮುಟ್ಟಲು ಆಗಲ್ಲ. ಅದು ಮಾತ್ರ ಹೊರಗೆ ಬರಬಹುದು. ಹಾಗಾಗಿ ಅದರಿಂದಲೇ ಪಬ್ಲಿಕ್ ವಿಳಾಸ ಇರುವ ಒಂದು ಸರ್ವರ್‌ಗೆ ಕನೆಕ್ಷನ್ ಮಾಡಿಸಿ, ‘ನಿನ್ನ 2222ನೇ ಪೋರ್ಟ್‌ಗೆ ಬಂದದ್ದನ್ನು ನನ್ನ 22ಕ್ಕೆ ಕಳಿಸು’ ಎಂದು ಹೇಳಿಸುತ್ತೇವೆ. ಪೋರ್ಟ್ ಅಂದರೆ ಕಂಪ್ಯೂಟರ್‌ನ ಒಂದೊಂದು ಸೇವೆಗೆ ಇರುವ ನಂಬರಿನ ಬಾಗಿಲು, 22 ಎಸ್‌ಎಸ್‌ಎಚ್‌ನದು. ಇದೇ ರಿವರ್ಸ್ ಟನಲ್. ಎಸ್‌ಎಸ್‌ಎಚ್‌ನಲ್ಲಿ ಇದಕ್ಕೆ ದೊಡ್ಡಕ್ಷರದ ‘ಆರ್’ ಆಪ್ಷನ್. ಈಗ ಸರ್ವರ್‌ಗೆ ಹೋಗಿ, ಅಲ್ಲಿಂದ ಲೋಕಲ್‌ಹೋಸ್ಟ್‌ನ (ಅಂದರೆ ಆ ಸರ್ವರ್‌ನದೇ) 2222ಕ್ಕೆ ಲಾಗಿನ್ ಆದರೆ ದೂರದ ಮೆಷಿನ್ ಸಿಕ್ಕಿತು.

ಟನಲ್ ಕಟ್ಟುವುದು ಸುಲಭ. ಅದು ಸತ್ತಿದೆ ಅಂತ ಗೊತ್ತಾಗುವುದೇ ಕಷ್ಟ. ಸ್ವಲ್ಪ ಹೊತ್ತು ಏನೂ ಓಡಾಡದಿದ್ದರೆ ರೂಟರ್ ಆ ಕನೆಕ್ಷನ್ನನ್ನು ಸುಮ್ನೆ ಮರೆತುಬಿಡುತ್ತದೆ, ಯಾರಿಗೂ ಹೇಳುವುದಿಲ್ಲ. ಎರಡೂ ಕಡೆಯವರು ಲೈನ್ ಇದೆ ಅಂದುಕೊಂಡೇ ಇರುತ್ತಾರೆ. ಅದಕ್ಕೇ ಎಸ್‌ಎಸ್‌ಎಚ್ ಸೆಟ್ಟಿಂಗ್‌ನಲ್ಲಿ ‘ಸರ್ವರ್‌ಅಲೈವ್‌ಇಂಟರ್ವಲ್’ 30, ‘ಸರ್ವರ್‌ಅಲೈವ್‌ಕೌಂಟ್‌ಮ್ಯಾಕ್ಸ್’ 3 ಎಂದು ಕೊಡಬೇಕು. 30 ಸೆಕೆಂಡಿಗೊಮ್ಮೆ ಕೇಳಿ, ಮೂರು ಸಲ ಉತ್ತರ ಬರದಿದ್ದರೆ ಎಸ್‌ಎಸ್‌ಎಚ್ ತಾನೇ ಮುಗಿಯುತ್ತದೆ. ಅದನ್ನು ಮತ್ತೆ ಎಬ್ಬಿಸುವ ಕೆಲಸ ಆಟೋಎಸ್‌ಎಸ್‌ಎಚ್ ಎಂಬ ಪ್ರೋಗ್ರಾಂನದ್ದು, ಅಥವಾ ಲಿನಕ್ಸ್‌ನಲ್ಲಿ ಸೇವೆಗಳನ್ನು ಓಡಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿಯದ್ದು. ಸಿಸ್ಟಮ್‌ಡಿ ಆದರೆ ‘ರೀಸ್ಟಾರ್ಟ್’ಗೆ ‘ಆಲ್ವೇಸ್’ ಅಂತಷ್ಟೇ ಕೊಟ್ಟರೆ ಸಾಲದು, ನಡುವೆ 10 ಸೆಕೆಂಡ್ ಬಿಡುವನ್ನೂ ಕೊಡಿ. ಇಲ್ಲದಿದ್ದರೆ ಪಟಪಟನೆ ಐದು ಸಲ ಸೋತು, ಅದು ಪ್ರಯತ್ನವನ್ನೇ ಬಿಡುತ್ತದೆ.

ಇನ್ನೊಂದು ತೊಡಕು ಜಾಸ್ತಿ ಜನರನ್ನು ಕಾಡುತ್ತದೆ. ಹಳೆಯ ಸತ್ತ ಕನೆಕ್ಷನ್ ಸರ್ವರ್‌ನಲ್ಲಿ 2222ನ್ನು ಇನ್ನೂ ಹಿಡಿದುಕೊಂಡಿರುತ್ತದೆ. ಹೊಸದು ಲಾಗಿನ್ ಏನೋ ಆಗುತ್ತದೆ, ಪೋರ್ಟ್ ಮಾತ್ರ ಸಿಗುವುದಿಲ್ಲ. ಆದರೂ ಒಂದು ಎಚ್ಚರಿಕೆ ಕೊಟ್ಟು ಹಾಗೇ ಕೂತಿರುತ್ತದೆ. ಪ್ರೋಸೆಸ್ ಓಡುತ್ತಿದೆಯಲ್ಲ, ಸಿಸ್ಟಮ್‌ಡಿಗೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ. ‘ಎಕ್ಸಿಟ್‌ಆನ್‌ಫಾರ್ವರ್ಡ್‌ಫೇಲ್ಯೂರ್’ಗೆ ‘ಯೆಸ್’ ಹಾಕಿದರೆ ಪೋರ್ಟ್ ಸಿಗದಾಗ ಅದು ಹೊರಬಿದ್ದು ಮತ್ತೆ ಪ್ರಯತ್ನಿಸುತ್ತದೆ. ಸರ್ವರ್ ಕಡೆ ‘ಕ್ಲೈಂಟ್‌ಅಲೈವ್‌ಇಂಟರ್ವಲ್’ ಕೂಡ ಹಾಕಿ, ಹಳೆಯದು ಬೇಗ ತೊಲಗುತ್ತದೆ.

ಪಾಸ್‌ವರ್ಡ್ ಟೈಪ್ ಮಾಡಲು ಅಲ್ಲಿ ಯಾರೂ ಇರುವುದಿಲ್ಲ, ಹಾಗಾಗಿ ಪಾಸ್‌ಫ್ರೇಸ್ (ಕೀಗೇ ಹಾಕುವ ಪಾಸ್‌ವರ್ಡ್) ಇಲ್ಲದ ಕೀ ಬೇಕು. ಕೀ ಅಂದರೆ ಪಾಸ್‌ವರ್ಡ್ ಬದಲು ಲಾಗಿನ್‌ಗೆ ಬಳಸುವ ಫೈಲ್. ಅಂಥ ಕೀ ಕಳುವಾದರೆ ಅಪಾಯ ಅಲ್ವಾ? ಸರ್ವರ್‌ನಲ್ಲಿ ಅದಕ್ಕೆ ಬೇರೆಯೇ ಅಕೌಂಟ್ ಮಾಡಿ, ಆ ಒಂದು ಪೋರ್ಟ್ ಬಿಟ್ಟು ಬೇರೇನೂ ಮಾಡದಂತೆ ಕಟ್ಟಿಹಾಕಿ. ಇದನ್ನು ದಯವಿಟ್ಟು ಆಮೇಲೆ ನೋಡೋಣ ಅಂತ ಬಿಡಬೇಡಿ.

ಟನಲ್ ಮತ್ತೆ ಎದ್ದರೂ ಅದರೊಳಗೆ ಅರ್ಧಕ್ಕೆ ನಿಂತ ಕಮಾಂಡ್ ಏಳುವುದಿಲ್ಲ. ಗಂಟೆಗಟ್ಟಲೆ ಓಡುವ ಕೆಲಸವಿದ್ದರೆ ದೂರದ ಮೆಷಿನ್‌ನಲ್ಲಿ ಟಿಮಕ್ಸ್ ಎಂಬ ಪ್ರೋಗ್ರಾಂ ತೆರೆದು ಅದರೊಳಗೆ ಶುರು ಮಾಡಿ. ಲೈನ್ ಹೋದರೂ ಕೆಲಸ ಓಡುತ್ತಿರುತ್ತದೆ, ಬಂದಾಗ ‘ಟಿಮಕ್ಸ್ ಅಟ್ಯಾಚ್’ ಅಂದರೆ ಸಾಕು.